ಹಿಟ್ಟಿನ ಡಬ್ಬದಲ್ಲಿಟ್ಟ ಕಾರ್ಡು

ಮುದ್ರೆಯ ಮೇಲೆ ಇನ್ನೂ ಶನಿವಾರದ ತಾರೀಖೇ ಕೂತಿದೆ, ಹನ್ನೊಂದು ನವೆಂಬರ್, ಒಂದು ಲಕೋಟೆಗೆ ಆಗಲೇ ಒತ್ತಿಯೂ ಆಯಿತು, ಮೂವತ್ತೊಂದು ವರ್ಷದಲ್ಲಿ ಡಿಂಪ್ನಾ ಟಾರ್ಪಿ ಒಮ್ಮೆಯೂ ಮಾಡದ ತಪ್ಪು, ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ, ಅಂಚೆ ಮನೆಯವಳಿಗೆ ಕಣ್ಣಿರಬೇಕು ಕಣೇ, ನಾಲಿಗೆ ಇರಬಾರದು ಅನ್ನುತ್ತಿದ್ದವಳು — ಉಗುರಿನಿಂದ ಚಕ್ರ ತಿರುಗಿಸಬೇಕು, ಹನ್ನೆರಡು, ಹದಿಮೂರು, ಸೋಮವಾರ, ಮಸಿ ಮಣಿಕಟ್ಟಿನವರೆಗೂ ಹತ್ತಿದೆ, ಒರೆಸಿಕೊಂಡಷ್ಟೂ ಹರಡುತ್ತದೆ. ಹೊರಗೆ ಗಾಳಿಗೆ ಹಲಗೆ ಕಿರುಗುಟ್ಟುತ್ತಿದೆ, ಬ್ಯಾಲಿಡ್ರೀನ್ ಅಂಚೆ ಕಚೇರಿ ಎಂದು ಟೀವಿ ಧಾರಾವಾಹಿಯವರು ಬರೆಸಿದ ಸುಳ್ಳು ಹಲಗೆ, ಅದರ ಹಿಂದೆ ನಾಕ್‌ಡಾರಾ ಎಂಬ ಊರಿನ ನಿಜವಾದ ಹೆಸರು ಆರು ವರ್ಷದಿಂದ ಕತ್ತಲಲ್ಲಿದೆ, ಚಿತ್ರೀಕರಣದವರು ಸೆಪ್ಟೆಂಬರಿನಲ್ಲಿ ಗಂಟುಮೂಟೆ ಕಟ್ಟುವಾಗ ಯಾರನ್ನಾದರೂ ಕಳಿಸಿ ತೆಗೆಸುತ್ತೇವೆ ಅಂದರು, ಯಾರೂ ಬರಲಿಲ್ಲ, ಧಾರಾವಾಹಿ ಮುಗಿಯುತ್ತ ಬಂತು, ಇನ್ನು ಎರಡೇ ಭಾನುವಾರ, ಆಮೇಲೆ ಈ ಊರು ಯಾರಿಗೆ ಬೇಕು — ಬಾಗಿಲ ಗಂಟೆ ಟಿಣ್ಣೆಂದಿತು, ಗೆಳತಿ ಬ್ರೀಜ್ ಇರಬೇಕು, ಅಲ್ಲ, ಪಾಡ್ಜೋ ಮುದುಕ, ಟೋಪಿ ತೆಗೆದು ನಾಟಕದವರ ಹಾಗೆ ಬಗ್ಗಿದ, ಏನು ತಾಯಿ, ನಿನ್ನೆ ಟೀವೀಲಿ ಹೆಸರು ಬಂದ್ಮೇಲೆ ಬಡವರನ್ನ ಮಾತಾಡಿಸ್ತೀಯೋ ಇಲ್ವೋ, ಹೆಸರು ಬಂದಾಗ ನಾನೇ ಮೊದಲು ಶಿಳ್ಳೆ ಹೊಡೆದಿದ್ದು, ಕೇಳಿಸ್ತಾ. ಕೇಳಿಸಿತ್ತು. ಪಬ್ಬಿನಲ್ಲಿ ಇದ್ದವರೆಲ್ಲ ಮೇಜು ಗುದ್ದಿದ್ದರು. ಅಂಚೆ ಚೀಟಿ ಹರಿದು ಕೊಡುತ್ತಾಳೆ, ಕಣ್ಣೆತ್ತುವುದಿಲ್ಲ, ಆದರೆ ಅವನಿಗೆ ಹೋಗುವ ಮನಸ್ಸಿಲ್ಲ, ಹೆಂಡತಿ ಸತ್ತಾಗಲೂ ಅಳದೋನು ನಾನು ಡಿಂಪ್ನಾ, ಧಾರಾವಾಹೀಲಿ ಆ ಮಿಸೆಸ್ ಕೀಲಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿ ಮಗನಿಗೆ ಅಂತ ತಂದಿದ್ದ ಕಾರ್ಡ್ ತೆಗೆದು ಕೊಡವ್ತಾಳಲ್ಲ, ಅಲ್ಲಿ ಅತ್ತುಬಿಟ್ಟೆ, ಅದೂ ನಮ್ಮೂರೋರ ಕಥೆನೇನಾ ನನ್ನ ಕತ್ತೆ ಥರ, ಯಾರದ್ದು ಹೇಳು, ನಾನು ಯಾರಿಗೂ ಹೇಳಲ್ಲ. ಅದೆಲ್ಲ ಕಟ್ಟುಕಥೆ ಪಾಡ್ಜೋ, ಅಂದಳು, ದನಿ ಯಾರದ್ದೋ ಅನ್ನಿಸಿತು. ಓ, ಕಟ್ಟುಕಥೆ, ಅಂದ ಮುದುಕ, ಒಂದು ಕಣ್ಣು ಮುಚ್ಚಿ ನಕ್ಕ, ಹೋದ, ಈಗ ಪಬ್ಬಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರೂ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ, ಯಾರು, ಯಾರಿಗೆ, ಯಾವ ಕಾಲದಲ್ಲಿ.

ಕತ್ತೆಯಿಂದಲೇ ಶುರುವಾದದ್ದು. ಪಾಡ್ಜೋ ಮುದಿ ಕತ್ತೆಗೆ ಬೂಟ್ ಪಾಲಿಶ್ ಹಚ್ಚಿ ಸಂತೆಯಲ್ಲಿ ಮಾರಿದ್ದ, ಅದನ್ನು ಇವಳು ಹೇಳಿದಾಗ ಧಾರಾವಾಹಿಯ ಕಥೆ ಬರೆಯುವ ಡರ್ಮಟ್ ಹ್ಯಾಕೆಟ್ ಎಷ್ಟು ನಕ್ಕರು, ಡಬ್ಲಿನ್ನಿನಿಂದ ಬಂದ ಮನುಷ್ಯ ಅಂಚೆ ಚೀಟಿಗೆಂದು ಒಳಗೆ ಬಂದು ಹಿಂದಿನ ಅಡುಗೆಮನೆಯಲ್ಲಿ ಮೂರು ಲೋಟ ಚಹಾ ಕುಡಿದು ಹೋದರು, ಕತ್ತೆ ಟೀವಿಯಲ್ಲಿ ಬಂತು, ಪಾಡ್ಜೋ ವರ್ಷವಿಡೀ ಮೆರೆದ, ಯಾರಿಗೆ ಏನು ನಷ್ಟವಾಯಿತು, ಆಮೇಲೆ ಪ್ರತಿ ಗುರುವಾರ, ಆರು ವರ್ಷ, ಗುರುವಾರ ಬೆಳಗ್ಗೆ ಸೋಡಾ ಬ್ರೆಡ್ಡು, ಗುರುವಾರ ತುಟಿಗೆ ಬಣ್ಣ — ಥೂ, ಐವತ್ತೆಂಟು ವರ್ಷದವಳು, ಕನ್ನಡಿಯ ಮುಂದೆ ತುಟಿ ಒತ್ತಿ ಒತ್ತಿ ನೋಡಿಕೊಂಡವಳು. ಅವರು ಕೈ ಹಿಡಿಯಲಿಲ್ಲ, ಇವಳು ಬಯಸಲೂ ಇಲ್ಲ, ಬಯಸಿದ್ದು ಬರೇ ಆ ನೋಟ, ಪೆನ್ನು ಕೈಯಲ್ಲಿ ಹಿಡಿದು ಇವಳ ಬಾಯನ್ನೇ ನೋಡುವ ನೋಟ, ಅಷ್ಟು ಕಿವಿಗೊಟ್ಟು ಯಾರು ಕೇಳಿದ್ದರು ಇವಳನ್ನು, ಎಲ್ಲರೂ ಚೀಟಿ ಕೊಡು ಪಿಂಚಣಿ ಕೊಡು ಅನ್ನುವವರೇ. ನೀವಿಲ್ಲದಿದ್ರೆ ಈ ಧಾರಾವಾಹಿಯೇ ಇರ್ತಿರಲಿಲ್ಲ ಡಿಂಪ್ನಾ, ಅನ್ನುತ್ತಿದ್ದರು. ಮಾರ್ಚಿನಲ್ಲೊಂದು ಗುರುವಾರ ಬಂದು, ಸಾಕು ಅಂದಿದ್ದಾರೆ ಚಾನೆಲ್ಲಿನೋರು, ಈ ವರ್ಷದ್ದೇ ಕೊನೆ, ಅಂದರು, ನನ್ನ ಹತ್ರಾನೂ ಏನೂ ಉಳಿದಿಲ್ಲ, ಅಂದರು, ಗಡಿಯಾರ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು, ಆ ಮುಚ್ಚಳದ ಟಿಕ್ ಸದ್ದಿಗೆ ಇವಳ ಒಳಗೇನೋ ಗಾಬರಿ ಬಿತ್ತು, ಎದ್ದು ಹೋಗಿಬಿಡುತ್ತಾರೆ, ಇನ್ನು ಗುರುವಾರವೂ ಬುಧವಾರದ ಹಾಗೇ — ಇನ್ನೊಂದಿದೆ, ಅಂದಳು. ಗಿರಾಕಿ ತಿರುಗಿ ಹೋಗುವಾಗ ಅಂಗಡಿಯವನು ಕೆಳಗಿನ ಖಾನೆಯಿಂದ ಒಳ್ಳೆ ಮಾಲು ತೆಗೆಯುವ ಹಾಗೆ. ಇದೇ ಊರಲ್ಲಿ ಒಬ್ಬಳಿದ್ದಾಳೆ, ಹತ್ತೊಂಬತ್ತನೇ ವಯಸ್ಸಿಗೆ ಮಗು ಹೆತ್ತವಳು, ಮದುವೆಯಾಗದೆ, ಸನ್ಯಾಸಿನಿಯರ ಮಠದಲ್ಲಿ, ಆರು ವಾರಕ್ಕೆ ಮಗುವನ್ನು ಅಮೆರಿಕದವರಿಗೆ ಕೊಟ್ಟರು, ಎಲ್ಲಿ ಅಂತ ಹೇಳಲಿಲ್ಲ, ಪ್ರತಿ ವರ್ಷ ಹುಟ್ಟುಹಬ್ಬಕ್ಕೊಂದು ಕಾರ್ಡು ಮಠದ ವಿಳಾಸಕ್ಕೆ ಹಾಕುತ್ತಾಳೆ, ದಯವಿಟ್ಟು ಮುಟ್ಟಿಸಿ ಅಂತ ಬರೆದು, ಮಠ ಮುಚ್ಚಿ ಹದಿಮೂರು ವರ್ಷವಾಯಿತು, ಕಾರ್ಡು ವಾಪಸು ಬರುತ್ತದೆ, ಆದರೂ ಹಾಕುತ್ತಾಳೆ. ಹ್ಯಾಕೆಟ್ ತಲೆಯಾಡಿಸಿದರು, ಅಷ್ಟೇ, ಮುಚ್ಚಳ ಇನ್ನೂ ಪೆನ್ನಿನ ಮೇಲೇ ಇತ್ತು, ಆಗ ಹೇಳಿದಳು, ಅದನ್ನೂ ಹೇಳಿದಳು, ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಕಾರ್ಡನ್ನ ಹಿಟ್ಟಿನ ಡಬ್ಬದೊಳಗೆ ಬಚ್ಚಿಡ್ತಿದ್ಲು, ಅಮ್ಮ ಸತ್ತು ಇಪ್ಪತ್ತು ವರ್ಷ ಆಯ್ತು, ಈಗ್ಲೂ ಅಲ್ಲೇ ಇಡೋದು, ಲಕೋಟೆ ಮಡಿಕೆಯಲ್ಲಿ ಹಿಟ್ಟು ಉಳಿದಿರತ್ತೆ, ನಾನು ಊದಿ ಆಮೇಲೆ ಮುದ್ರೆ ಒತ್ತೋದು. ಮುಚ್ಚಳ ತೆಗೆದರು. ಯಾರು ಅಂತ ಕೇಳಲ್ಲ, ಅಂದರು ಬರೆಯುತ್ತಲೇ, ಒಳ್ಳೆಯ ಮನುಷ್ಯ, ಕೇಳಲಿಲ್ಲ, ಹೆಸರು ಇವಳೂ ಹೇಳಲಿಲ್ಲ, ಹೇಳಲಿಲ್ಲ ನಿಜ, ಆದರೆ ಆಗಲೇ ಕಿಟಕಿಯಾಚೆ ಬ್ರೀಜ್ ಕಾನ್‌ಬಾಯ್ ಇಸ್ತ್ರಿ ಮಾಡಿದ ನಟರ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ದಾಟಿದಳು, ಇವಳನ್ನು ಕಂಡು ಗಾಜಿಗೆ ಬೆರಳು ತಟ್ಟಿ ನಕ್ಕಳು, ಇವಳು ಆ ಕಡೆ ನೋಡಿದಳು, ನೋಡಬಾರದಿತ್ತು, ಒಂದು ಗಳಿಗೆ ಹೆಚ್ಚೇ ನೋಡಿದಳು, ಹ್ಯಾಕೆಟ್ ಕೂಡ ತಿರುಗಿ ನೋಡಿದರು.

ನಿನ್ನೆ ಸಂಜೆ ಪಬ್ಬಿನ ಟೀವಿ ಮುಂದೆ ಬ್ರೀಜ್ ಪಕ್ಕದಲ್ಲೇ ಕೂತಿದ್ದಳಲ್ಲ, ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಯಾವತ್ತೂ ಹಾಗೇ, ಶಾಲೆಯಲ್ಲಿ ಒಂದೇ ಬೆಂಚು, ನೋಡೇ, ಆ ನೀಲಿ ಸ್ವೆಟರ್ ನಾನೇ ಇಸ್ತ್ರಿ ಮಾಡಿದ್ದು, ಅಂದಳು ಮಿಸೆಸ್ ಕೀಲಿ ತೆರೆಯ ಮೇಲೆ ಬಂದಾಗ, ಕಾಲರ್ ಎಷ್ಟು ಚೆನ್ನಾಗಿ ಕೂತಿದೆ ನೋಡು. ಆಮೇಲೆ ಡಬ್ಬ. ಆಮೇಲೆ ಹಿಟ್ಟಿನೊಳಗಿಂದ ಕಾರ್ಡು. ತಾಗಿದ್ದ ಮೊಣಕೈ ಕಲ್ಲಿನ ಹಾಗಾಯಿತು. ಆಗ ಡಿಂಪ್ನಾಳ ಮನಸ್ಸಿನಲ್ಲಿ ಮೊದಲು ಬಂದದ್ದೇನು — ಅಯ್ಯೋ ಬ್ರೀಜ್ ಅಂತಲ್ಲ, ಎಷ್ಟು ಚೆನ್ನಾಗಿ ಬಂದಿದೆ ಅಂತ. ಹಿಟ್ಟಿನ ಧೂಳು ಬಿಸಿಲಲ್ಲಿ ಹೇಗೆ ತೇಲಿತು ಅಂತ. ಕೊನೆಗೆ ಮಿಸೆಸ್ ಕೀಲಿಯ ಅಂಗಡಿ ಮುಂದೆ ಬಾಡಿಗೆ ಕಾರೊಂದು ನಿಂತು, ನಲವತ್ತರ ಗಂಡಸೊಬ್ಬ ಇಳಿದು, ಅಮೆರಿಕದವರ ದನಿಯಲ್ಲಿ ನನ್ನ ಅಮ್ಮನ್ನ ಹುಡುಕ್ತಿದ್ದೀನಿ ಅಂದ, ಅಲ್ಲಿಗೆ ಕಂತು ಮುಗಿದು ಹೆಸರುಗಳು ಏರತೊಡಗಿದವು, ಪಕ್ಕದಲ್ಲಿ ಅವಳು ಕೆನ್ನೆ ಒರೆಸಿಕೊಳ್ಳುತ್ತಿದ್ದದ್ದು ಓರೆಗಣ್ಣಿಗೆ ಕಾಣುತ್ತಿತ್ತು, ಇವಳು ತಿರುಗಲಿಲ್ಲ, ಹೆದರಿಕೆಯಿಂದಲ್ಲ, ದೇವರೇ, ತನ್ನ ಹೆಸರಿಗೆ ಕಾಯುತ್ತಿದ್ದಳು, ಹ್ಯಾಕೆಟ್ ಫೋನಿನಲ್ಲಿ ಹೇಳಿದ್ದರು, ಈ ಕಂತಿನ ಕೊನೆಯಲ್ಲಿ ಕೃತಜ್ಞತೆಗಳು ಅಂತ ಬರತ್ತೆ, ಕಣ್ಣು ಮಿಟುಕಿಸಬೇಡಿ. ಬಂತು. ಕಾಗುಣಿತ ತಪ್ಪಿತ್ತು, ಟಾರ್ಪಿ ಹೋಗಿ ಟಾರ್ಪೆ ಆಗಿತ್ತು, ಅದಕ್ಕೆ ನೊಂದುಕೊಂಡಳು, ಅದಕ್ಕೆ! ಪಾಡ್ಜೋ ಶಿಳ್ಳೆ, ಚಪ್ಪಾಳೆ, ನಗುತ್ತ ತಿರುಗಿದರೆ ಬ್ರೀಜ್ ಇರಲಿಲ್ಲ, ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟೂ ಇರಲಿಲ್ಲ.

ಗಂಟೆ ಟಿಣ್ಣೆಂದಿತು, ಈ ಸಲ ಅವಳೇ, ತಲೆಗೆ ವಸ್ತ್ರ ಕಟ್ಟಿದ್ದಾಳೆ, ಓಡುತ್ತ ಬಂದ ಹಾಗಿದೆ, ಬಾಗಿಲು ಹಾಕಿ ಹೊರಗೆ ಯಾರೂ ಇಲ್ಲವೆಂದು ಬಗ್ಗಿ ನೋಡಿದಳು, ಈಗ ಬೈಯುತ್ತಾಳೆ, ಬೈಯಲಿ, ಮುಖಕ್ಕೆ ಉಗಿಯಲಿ, ಡಿಂಪ್ನಾ ಕೌಂಟರಿನ ಅಂಚು ಹಿಡಿದುಕೊಂಡಳು, ಆದರೆ ಬ್ರೀಜಳ ಮುಖದಲ್ಲಿ ಸಿಟ್ಟಿಲ್ಲ, ಕಣ್ಣು ಊದಿಕೊಂಡಿವೆ, ಕೆನ್ನೆ ಕೆಂಪಗಿವೆ, ನಲವತ್ತು ವರ್ಷದಲ್ಲಿ ಇವಳು ಕಾಣದ ಬೆಳಕು. ನಿದ್ದೇನೇ ಬರಲಿಲ್ಲ ಕಣೇ, ಅಂದಳು, ಹೇಳದೆ ಎದ್ದು ಹೋದೆ ಅಂತ ಬೇಜಾರಾಯ್ತಾ, ಅಲ್ಲಿ ಕೂತಿದ್ರೆ ಗೊಳೋ ಅಂತ ಅತ್ತುಬಿಡ್ತಿದ್ದೆ, ಡಿಂಪ್ನಾ, ಇನ್ನೊಬ್ಬಳಿದ್ದಾಳೆ! ನಾನೊಬ್ಳೇ ಹುಚ್ಚಿ ಅಂದ್ಕೊಂಡಿದ್ದೆ ಇಷ್ಟು ವರ್ಷ, ಎಲ್ಲೋ ಇನ್ನೊಬ್ಬಳು ಇದಾಳೆ, ನನ್ನ ಹಾಗೇನೇ, ಹಿಟ್ಟಿನ ಡಬ್ಬ ಕೂಡ, ನೋಡಿದ್ಯಲ್ಲ, ಅವಳಮ್ಮನೂ ನಮ್ಮಮ್ಮನ ಥರಾನೇ ಇದ್ಲೋ ಏನೋ, ಅಂತ ನಕ್ಕಳು, ನಗುವಾಗಲೇ ಕಣ್ಣು ತುಂಬಿತು, ಅವಳಿಗೆ ಮಗ ಸಿಕ್ಕಿದ್ದಾನೆ ಕಣೇ. ಹೇಗೆ ಸಿಕ್ಕ, ಯಾರನ್ನ ಕೇಳಿದ್ಲು, ಅದೊಂದು ಗೊತ್ತಾದ್ರೆ ಸಾಕು ನನಗೆ, ನನ್ನ ಮಗ ಫಿಂಟನ್ನಿಗೂ ನಲವತ್ತಾಗತ್ತೆ ಬರೋ ಮಾರ್ಚಿಗೆ. ಕೋಟಿನ ಒಳಗಿಂದ ಲಕೋಟೆ ತೆಗೆದು ಕೌಂಟರಿನ ಗಾಜಿನ ಕೆಳಗಿನ ಸಂದಿಯಲ್ಲಿ ತಳ್ಳಿದಳು, ಹ್ಯಾಕೆಟ್‌ಗೆ ಕಥೆ ಹೇಳಿದ ಹೆಂಗಸಿಗೆ ಅಂತ ಮೇಲೆ ಬರೆದಿದ್ದಾಳೆ, ದುಂಡಗಿನ ಶಾಲೆಯ ಅಕ್ಷರ, ಅವರು ನಿನ್ನ ಮಾತು ತೆಗೆದುಹಾಕಲ್ಲ, ಅವರ ಕೈಲಿ ಅವಳಿಗೆ ಮುಟ್ಟಿಸು, ಅಂಟಿಸಿಲ್ಲ, ತಪ್ಪಿದ್ರೆ ತಿದ್ದು, ನಿನ್ನ ಹತ್ರ ಮುಚ್ಚಿಡೋದೇನಿದೆ. ಡಿಂಪ್ನಾ ಕಾಗದ ಅರ್ಧ ಎಳೆದಳು, ಅಕ್ಕಾ, ನೀವು ಯಾರೋ ನನಗೆ ಗೊತ್ತಿಲ್ಲ, ನಾನೂ ನಿಮ್ಮ ಹಾಗೇ ಒಬ್ಬಳು — ಅಕ್ಷರ ಮಂಜಾದವು. ಆಯ್ತು ಅಂದರೆ ಸಾಕು, ಒಂದೇ ಮಾತು, ಆಯ್ತು ಕಳಿಸ್ತೀನಿ, ಅವಳು ಕಾಯುತ್ತಾಳೆ, ವಾರ ವಾರವೂ ಬಂದು ಉತ್ತರ ಬಂತಾ ಅನ್ನುತ್ತಾಳೆ, ವರ್ಷವಿಡೀ — ಬ್ರೀಜ್, ಅಂದಳು, ಆ ಹೆಂಗಸು ಇಲ್ಲ. ಇಲ್ಲ ಅಂದ್ರೆ, ಸತ್ತುಹೋದ್ಲಾ? ಇಲ್ಲ, ಇನ್ನೊಬ್ಬಳು ಅಂತ ಯಾರೂ ಇಲ್ಲ, ನಾನೇ ಹೇಳಿದ್ದು, ಹ್ಯಾಕೆಟ್‌ಗೆ, ಹೆಸರು ಹೇಳಲಿಲ್ಲ, ಆಣೆ ಮಾಡ್ತೀನಿ ನಿನ್ನ ಹೆಸರು ಹೇಳಲಿಲ್ಲ — ಎಷ್ಟು ಬೇಗ ಬಂತು ಆ ಮಾತು, ಮೊದಲೇ ಹೊಲಿದಿಟ್ಟುಕೊಂಡ ಹಾಗೆ. ಡಬ್ಬದ್ದೂ ಹೇಳಿದ್ಯಾ, ಅಂದಳು ಬ್ರೀಜ್, ಪ್ರಶ್ನೆ ಕೇಳಿದ ಹಾಗಿರಲಿಲ್ಲ. ಆಮೇಲೆ, ಬಹಳ ಸಣ್ಣಗೆ, ಹಾಗಾದ್ರೆ ಮಗ ಬಂದದ್ದು? ಅದು ಹ್ಯಾಕೆಟ್ ಸೇರಿಸಿದ್ದು, ಅಂದಳು ಡಿಂಪ್ನಾ, ಕೊನೆಗೆ ಚೆನ್ನಾಗಿರ್ಲಿ ಅಂತ. ಗಾಜಿನ ಕೆಳಗೆ ಬೆರಳು ಬಂದವು, ಇಸ್ತ್ರಿ ಸುಟ್ಟ ಹಳೇ ಕಲೆಗಳ ಬೆರಳು, ಲಕೋಟೆಯನ್ನು ತನ್ನ ಕಡೆ ಎಳೆದುಕೊಂಡವು, ಕಾಗದವನ್ನು ಒಳಗೆ ಸರಿಸಿದವು, ಬೈಯೇ, ಏನಾದ್ರೂ ಅನ್ನೇ, ಅವಳು ಲಕೋಟೆಯ ಮಡಿಕೆಯನ್ನು ಬಾಯಿಗೆ ತಂದು, ಇವಳ ಎದುರಿಗೇ, ಇವಳನ್ನೇ ನೋಡುತ್ತ, ನಾಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದಳು, ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು, ಮೂಲೆ ಎದ್ದಿತು, ಮತ್ತೆ ಒತ್ತಿದಳು, ಕೋಟಿನೊಳಗೆ ಇಟ್ಟಳು, ಗಂಟೆ ಟಿಣ್ಣೆಂದಿರಬೇಕು, ಬಾಗಿಲು ಮುಚ್ಚಿರಬೇಕು, ಯಾರೋ ಬಂದು ಚೀಟಿ ಕೇಳುತ್ತಿದ್ದಾರೆ, ಎರಡನೇ ಸಲ ಕೇಳುತ್ತಿದ್ದಾರೆ, ಏನು ಬೇಕು, ಕೊಡಬೇಕು, ಕೈ ಏಳುವುದಿಲ್ಲ, ಗಾಜಿನಾಚೆ ಆ ಹೆಬ್ಬೆರಳು, ಮೂಲೆ ಏಳುತ್ತದೆ, ಒತ್ತುತ್ತದೆ, ಮೂಲೆ ಏಳುತ್ತದೆ, ಒತ್ತುತ್ತದೆ