ಬುಗುರಿ ಕುರ್ಚಿ

ವಿಮಾನ ತರಬೇತಿ ಶಾಲೆಯ ಡಾಕ್ಟರಮ್ಮನ ಕೋಣೆಯಲ್ಲೊಂದು ತಿರುಗುವ ಕುರ್ಚಿಯಿತ್ತು. ಕಲಿಯಲು ಬಂದವರು ಅದಕ್ಕೆ ಬುಗುರಿ ಎಂದು ಹೆಸರಿಟ್ಟಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಗರಗರ ತಿರುಗಿಸಿ, ಅತ್ತಿತ್ತ ತಲೆ ವಾಲಿಸಲು ಹೇಳಿದರೆ, ಆಕಾಶದಲ್ಲಿ ಯಾರಿಗೆ ವಾಂತಿಯಾದೀತೆಂಬುದು ನೆಲದ ಮೇಲೇ ಗೊತ್ತಾಗಬೇಕು. ಆದರೆ ಈಚೆಗೆ ಡಾಕ್ಟರಮ್ಮನ ಲೆಕ್ಕಾಚಾರ ಪದೇಪದೇ ಕೈಕೊಡುತ್ತಿತ್ತು. ಬುಗುರಿಯಲ್ಲಿ ಕಲ್ಲುಗುಂಡಿನಂತೆ ಕೂತವರೇ ಮೇಲೆ ಹೋಗಿ ವಾಂತಿ ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಪಾಪ, ಆಕೆ ಕುರ್ಚಿಯನ್ನೇ ರಿಪೇರಿ ಮಾಡಿಸಿದ್ದಳು.

ಅಂದು ಬಂದ ಹುಡುಗಿಯೂ ಕಲ್ಲುಗುಂಡೇ. ಎಷ್ಟು ತಿರುಗಿಸಿದರೂ ಏನೂ ಆಗುತ್ತಿಲ್ಲ ಎಂದಳು. ಬಟ್ಟೆ ಬಿಚ್ಚಿದಾಗ ಮಾತ್ರ, ಅಷ್ಟು ಬೆಳಕಿದ್ದರೂ ಅವಳ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು. ಬಾಯಿ ಒಣಗಿ ಮಾತು ಅಂಟುತ್ತಿತ್ತು.

"ವಾಂತಿ ಆಗದಿರೋ ಮಾತ್ರೆ ತಗೊಂಡ್ಯಾ?" ಎಂದಳು ಡಾಕ್ಟರಮ್ಮ.

ಹುಡುಗಿಯ ಕಣ್ಣು ತುಂಬಿತು. ಈ ಪರೀಕ್ಷೆಯ ಮಟ್ಟಿಗೆಂದು ಮಾತ್ರೆ ಕೊಟ್ಟವನು ಅವಳ ಅಣ್ಣ. ಚಿಕ್ಕಂದಿನಲ್ಲಿ ಬಸ್ಸು ಹತ್ತಿದರೆ ಸಾಕು, ಅಮ್ಮನ ಮಡಿಲೆಲ್ಲ ಹಾಳುಮಾಡುತ್ತಿದ್ದವಳಂತೆ. ಹಾಗಿದ್ದೂ ವಿಮಾನದ ಹುಚ್ಚು ಬಿಟ್ಟಿರಲಿಲ್ಲ. ವಾಂತಿಯಾದವರನ್ನು ಮನೆಗೆ ಅಟ್ಟುವ ಹಾಗೆ ತನ್ನನ್ನು ಅಟ್ಟಬೇಡಿ ಎಂದು ಬೇಡಿಕೊಂಡಳು.

"ಮನೆಗೆ ಕಳಿಸ್ತೀವಿ ಅಂತ ಯಾರು ಹೇಳಿದ್ರು?"

"ಎಲ್ರೂ ಹೇಳ್ತಾರೆ ಮೇಡಂ. ನೀವೂ ಇಲ್ಲ ಅಂತ ಹೇಳಿಲ್ವಲ್ಲ."

ಡಾಕ್ಟರಮ್ಮನಿಗೆ ಚುರುಕ್ಕೆಂದಿತು. ವಾಂತಿಯಾದವರನ್ನು ಬೇರೆ ತಂಡಕ್ಕೆ ಹಾಕಿ, ದಿನವೂ ಸ್ವಲ್ಪಸ್ವಲ್ಪ ತಿರುಗಿಸಿ, ಮೈಗೆ ರೂಢಿಯಾದ ಮೇಲೆ ಹಾರಿಸುತ್ತಿದ್ದರು. ಅವರು ತರಗತಿಯಲ್ಲಿ ಕಾಣದ್ದರಿಂದ ಮನೆಗೆ ಹೋದರೆಂಬ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತ್ತು. ಅದು ಆಕೆಯ ಕಿವಿಗೂ ಬಿದ್ದಿತ್ತು. ಹುಡುಗರಿಗೆ ಚೂರು ಭಯವಿದ್ದರೆ ಒಳ್ಳೆಯದೇ ಎಂದು ಸುಮ್ಮನಿದ್ದಳು.

"ಮಾತ್ರೆಯ ಗುಣ ಇಳೀಲಿ. ನಾಡಿದ್ದು ಬಂದು ಧಾರಾಳವಾಗಿ ವಾಂತಿ ಮಾಡ್ಕೋ," ಎಂದಳು. "ನಿನ್ನ ಹಾರಿಸೋ ಜವಾಬ್ದಾರಿ ನಂದು ಕಣಮ್ಮ."

ಹುಡುಗಿಯ ಜೊತೆ ತಾನೂ ಹೊರಗೆ ಬಂದು, ವಾಂತಿಯಾದರೂ ಯಾರನ್ನೂ ಮನೆಗೆ ಅಟ್ಟುವುದಿಲ್ಲ ಎಂದು ಬೆಂಚಿನಲ್ಲಿ ಸರದಿ ಕಾಯುತ್ತಿದ್ದವರಿಗೆಲ್ಲ ಹೇಳಿದಳು. ಮಾತ್ರೆ ನುಂಗಿದವರು ಎದ್ದು ಹೋಗಬಹುದು, ಯಾರೂ ಬೈಯುವುದಿಲ್ಲ ಎಂದಳು. ಯಾರೂ ಅಲುಗಾಡಲಿಲ್ಲ. ತಾನೂ ನುಂಗಿದ್ದೆ ಎಂದು ಹುಡುಗಿ ಒಪ್ಪಿಕೊಂಡ ಮೇಲೆ ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಬೆಂಚು ಖಾಲಿಯಾಗಿ, ತುದಿಯಲ್ಲಿ ಒಬ್ಬನೇ ಉಳಿದ. ಸದ್ಯ, ಒಬ್ಬನಾದರೂ ಸಿಕ್ಕಿದನಲ್ಲ ಎಂದು ಡಾಕ್ಟರಮ್ಮ ಅವನನ್ನು ಒಳಗೆ ಕರೆದಳು.

"ನಾನೂ ನುಂಗಿದ್ದೆ ಮೇಡಂ," ಎಂದ ಅವನು, ಕೂತಲ್ಲೇ ತಲೆ ತಗ್ಗಿಸಿ. "ನಿಮ್ಮ ಬಾಗಿಲು ನೋಡ್ತಿದ್ದ ಹಾಗೇ ಹೆದರಿಕೆಗೆ ವಾಂತಿ ಆಗಿ ಮಾತ್ರೇನೂ ಹೊರಗೆ ಬಂದ್ಬಿಡ್ತು."

ಡಾಕ್ಟರಮ್ಮ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.