ಊರ ದೇವರಿಗೆ ಒಂದು ಕಾಯಿ

ಪದ್ಮಜಾ ಸಿಂಕಿನ ಮುಂದೆ ನಿಂತು ತೆಂಗಿನಕಾಯಿಯ ನಾರು ಕೀಳುತ್ತಿದ್ದಳು. ಜುಟ್ಟು ಮಾತ್ರ ಉಳಿಸಿ, ಮಿಕ್ಕದ್ದನ್ನು ಉಗುರಿನಿಂದ ಎಳೆದೆಳೆದು ತೆಗೆದು, ತೊಳೆದು, ಅರಿಸಿನ ಹಚ್ಚಿದಳು. ಅತ್ತೆ ಸಣ್ಣತಾಯಮ್ಮ ಊಟದ ಮೇಜಿನ ಹತ್ತಿರ ಕುಳಿತು ನೋಡುತ್ತಿದ್ದರು. ಗಂಡ ಶಿವರಾಮು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಗುರುವಾರ ಅತ್ತೆ ಊರಿಗೆ ಹೊರಡುವ ವಿಮಾನ.

ಯಾವುದೇ ಊರಿನ ಅನ್ನ ಉಂಡಿದ್ದರೆ, ಅಲ್ಲಿಂದ ಹೊರಡುವ ಮುಂಚೆ ಅಲ್ಲಿಯ ದೇವರಿಗೆ ಕಾಯಿ ಒಡೆಸುವುದು ಸಣ್ಣತಾಯಮ್ಮನ ಪದ್ಧತಿ. ಮಗ ಲಿವರ್‌ಮೋರಿನ ನಮ್ಮವರ ಗುಡಿಗೆ ಹೋಗೋಣವೆಂದರೆ ಒಪ್ಪಿರಲಿಲ್ಲ. “ಅವ್ನು ನಮ್ಮಂಗೇ ಪ್ಲೇನಲ್ಲಿ ಬಂದೋನು ಕನ್ಲಾ. ಈ ಊರೋರ ದೇವ್ರು ಯಾರು, ಅದ ಹೇಳು,” ಎಂದಿದ್ದರು. ಶಿವರಾಮು ತಮಾಷೆಗೆ, ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲೆ ಒಂದು ದೊಡ್ಡ ಚರ್ಚಿದೆ, ಅಲ್ಲಿರಬಹುದು ಎಂದ. ಅವರು ಅಂದೇ ಕಾಯಿ ತರಿಸಿದರು.

ಪದ್ಮಜಾಳಿಗೆ ಮೂರು ತಿಂಗಳು. ಅತ್ತೆಗೆ ಹೇಳಿರಲಿಲ್ಲ. ಹೋದ ವರ್ಷ ಎರಡನೇ ತಿಂಗಳಿಗೇ ಊರಿಗೆ ಫೋನು ಮಾಡಿ, ಮೂರು ವಾರ ಕಳೆಯುವುದರೊಳಗೆ ಗರ್ಭ ಹೋಯಿತೆಂದು ಹೇಳಲು ಮತ್ತೆ ಫೋನು ಮಾಡಬೇಕಾಗಿತ್ತು. ಸಾಲದ್ದಕ್ಕೆ ಮದ್ದೂರಿನಲ್ಲಿ ನಾದಿನಿ ಪುಟ್ಟಲಕ್ಷ್ಮಿಗೆ ದಿನ ತುಂಬುತ್ತಿತ್ತು. ಅವಳ ಚೊಚ್ಚಲು ಬಾಣಂತನಕ್ಕೆಂದೇ ಅತ್ತೆ ಹೊರಟಿದ್ದು. ಈಗ ಹೇಳಿದರೆ ಅವ್ವ ಅಲ್ಲಿಯೂ ಇರಲಾರಳು, ಇಲ್ಲಿಯೂ ಇರಲಾರಳು, ಊರು ಮುಟ್ಟಿದ ಮೇಲೆ ತಿಳಿಸೋಣ ಎಂದಿದ್ದ ಶಿವರಾಮು. ಪದ್ಮಜಾ ಹೂಂಗುಟ್ಟಿದ್ದಳು. ಆದರೆ ಬೆಳಿಗ್ಗೆ ವಾಂತಿಯ ಸದ್ದು ಕೇಳಿಸದಿರಲೆಂದು ನಲ್ಲಿ ತಿರುಗಿಸುವಾಗಲೆಲ್ಲ, ಅತ್ತೆ ಬಂದು ಬೆನ್ನ ಮೇಲೊಂದು ಕೈಯಿಟ್ಟರೆ ಸಾಕು ಅನ್ನಿಸುತ್ತಿತ್ತು.

ಗುಡ್ಡದ ಮೇಲೆ ಅವರಿಬ್ಬರನ್ನು ಇಳಿಸಿ ಶಿವರಾಮು ಪಾರ್ಕಿಂಗು ಹುಡುಕಲು ಹೋದ. ಸಣ್ಣತಾಯಮ್ಮ ಕತ್ತು ಹಿಂದಕ್ಕೆ ಬಾಗಿಸಿ ಗೋಪುರಗಳನ್ನು ನೋಡಿ, ಬಾಗಿಲ ಪಕ್ಕ ಶೂ ಬಿಚ್ಚಿಟ್ಟರು. ಇಲ್ಲಿ ಯಾರೂ ಬಿಚ್ಚುವುದಿಲ್ಲವೆಂದು ಪದ್ಮಜಾ ಹೇಳಬಹುದಿತ್ತು. ಹೇಳದೆ ತಾನೂ ಬಿಚ್ಚಿದಳು.

ಒಳಗೆ ಕಂಬಗಳು ಕಣ್ಣು ಸೋಲುವಷ್ಟು ಮೇಲಕ್ಕೆ ಹೋಗಿ ಕಮಾನಾಗಿ ಕೂಡಿಕೊಂಡಿದ್ದವು. ಬಣ್ಣದ ಗಾಜಿನಿಂದ ಬಿಸಿಲು ಇಳಿದು ನೆಲದ ಮೇಲೆ ಹರಡಿತ್ತು. ಮುಂದೆ ಹೋಗುತ್ತಿದ್ದ ಅತ್ತೆಯ ಪಾದ ನೀಲಿಯಾಯಿತು, ಎರಡು ಹೆಜ್ಜೆಗೆ ಕೆಂಪಾಯಿತು. ಅವರು ಗೋಡೆ ಹಿಡಿದುಕೊಂಡೇ ಮೂರು ಸುತ್ತು ಪ್ರದಕ್ಷಿಣೆ ಬಂದರು. ಸಾಲು ಮೇಣದ ಬತ್ತಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡರು. ಸೊಸೆಯ ಕಣ್ಣಿಗೂ ಒತ್ತಿದರು. ಕೋಟು ತೊಟ್ಟ ಮುದುಕನೊಬ್ಬ ಅವರ ಬರಿಗಾಲು ನೋಡಿ, ತಾನೂ ತಲೆ ತುಸು ಬಾಗಿಸಿದ. ಪೂಜಾರಿ ಒಳ್ಳೆಯವನು, ದಕ್ಷಿಣೆ ಕೇಳಲಿಲ್ಲ ಎಂದು ಅತ್ತೆ ಪಿಸುಗುಟ್ಟಿದರು.

ಹೊರಗೆ ಬಂದು ಚೀಲದಿಂದ ಕಾಯಿ ತೆಗೆದರು. ಗಂಡ ಸತ್ತವಳು ತಾನು ಒಡೆಯಬಾರದು, ನೀನೇ ಒಡಿ ಎಂದು ಸೊಸೆಯ ಮುಂದೆ ಹಿಡಿದರು. ಪದ್ಮಜಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವರು ಬರಲಿ ಎಂದಳು, ಮೆಲ್ಲಗೆ.

ಶಿವರಾಮು ಏದುಸಿರು ಬಿಡುತ್ತ ಏರು ಹತ್ತಿ ಬಂದ. ಅವ್ವ ಕೊಟ್ಟ ಕಾಯಿ ಈಸಿಕೊಂಡು, ಯಾರಾದರೂ ನೋಡುತ್ತಾರೇನೋ ಎಂದು ಅತ್ತಿತ್ತ ನೋಡಿ, ಕಲ್ಲಿನ ಅಂಚಿನ ಮೇಲೆ ಕೈಯೆತ್ತಿದ. ಪದ್ಮಜಾ ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದುಬಿಟ್ಟಳು.

ಬಸುರಿ ಕಾಯಿ ಒಡೆಯಬಾರದು, ಬಸುರಿಯ ಗಂಡನೂ ಒಡೆಯಬಾರದು. ಅಷ್ಟು ಓದಿದ ಶಿವರಾಮುವಿಗೆ ಅದು ಮರೆತಿತ್ತು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ಪದ್ಮಜಾಳಿಗೆ, ಒಂದು ಸಲ ಕಳೆದುಕೊಂಡ ಮೇಲೆ, ಮರೆಯುವಂತಿರಲಿಲ್ಲ.

ಸಣ್ಣತಾಯಮ್ಮ ಆ ಕೈಗಳನ್ನು ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು.

“ಎಷ್ಟು ತಿಂಗ್ಳವ್ವಾ?”

“ಮೂರು.”

ಅವರು ಮಗನ ಕಡೆ ತಿರುಗಿದರು. “ಕತ್ತೆ. ನೀನ್ ಬಾಯಿ ಮುಚ್ಕಂಡ್ರೆ ಅವ್ಳ ಹೊಟ್ಟೆ ಮುಚ್ಕತ್ತದೇನ್ಲಾ?” ಎಂದರು. ಕಾಯಿಯನ್ನು ಕಿತ್ತುಕೊಂಡು, ಇಡಿಯಾಗೇ ಬಾಗಿಲ ಪಕ್ಕ ಇಟ್ಟು ಕೈಮುಗಿದರು. ಪದ್ಮಜಾಳ ಕೆನ್ನೆ ಸವರಿ ತಮ್ಮ ಹಣೆಯ ಪಕ್ಕಕ್ಕೆ ಬೆರಳೊತ್ತಿ ನೆಟಿಗೆ ಮುರಿದಾಗ, ಹತ್ತೂ ಬೆರಳು ಲಟಲಟ ಎಂದವು.

ಕಾರಿನಲ್ಲಿ ಸೊಸೆಯನ್ನು ಒತ್ತಿಕೊಂಡು ಹಿಂದೆ ಕುಳಿತರು. ಪರಂಗಿ ಹಣ್ಣು ಮುಟ್ಟಬೇಡ, ಗ್ರೋಸರಿ ಚೀಲ ಎತ್ತಬೇಡ, ಎಡಮಗ್ಗುಲಿಗೆ ಮಲಗು ಎಂದು ಒಂದೇ ಸಮ ಹೇಳುತ್ತಿದ್ದರು. ಪುಟ್ಟಲಕ್ಷ್ಮಿಗೂ ಇದನ್ನೇ ಹೇಳಿದ್ದೆ ಎಂದವರು, ಕಿಟಕಿಯ ಕಡೆ ತಿರುಗಿದರು. ಇಳಿಜಾರಿನ ನಡುವೆ ಸ್ಟಾಪ್ ಬೋರ್ಡಿನ ಹತ್ತಿರ ಶಿವರಾಮು ಕಾರು ನಿಲ್ಲಿಸಿದ. ಕೆಳಗೆ, ಮನೆಗಳ ಸಂದಿನಲ್ಲಿ, ಒಂದು ತುಂಡು ಸಮುದ್ರ ಕಾಣುತ್ತಿತ್ತು.

“ಇದ್ಬುಡಿ ಅತ್ತೆ,” ಎಂದಳು ಪದ್ಮಜಾ.

ಅಡ್ಡರಸ್ತೆ ಎರಡೂ ಕಡೆ ಖಾಲಿಯಿತ್ತು. ಶಿವರಾಮು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.