ಟವೆಲ್ಲಿನ ಅಡಿಯ ಇಂಗ್ಲಿಷ್

ಹರಿಹರದ ಆ ಮಿಡ್ಲ್ ಸ್ಕೂಲಿನಲ್ಲಿ ಏಕಾಂತಪ್ಪ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದರು ಅಂತ ಹೇಳೋದು ಸುಲಭ. ಕಲಿಯುತ್ತಿದ್ದವರು ಯಾರು ಅಂತ ಮಾತ್ರ ಕೇಳಬ್ಯಾಡಿ. ಹುಡುಗರು ಪಾಠವನ್ನು ಮಂತ್ರದ ಹಾಗೆ ಒದರೋರು, ಇವರು ಕಣ್ಣು ಮುಚ್ಚಿ ತಲೆ ಆಡಿಸೋರು, ಎರಡೂ ಕಡೆ ನೆಮ್ಮದಿಯಾಗಿತ್ತು. ಆ ನೆಮ್ಮದಿಗೆ ಮಣ್ಣು ಹಾಕಿದವನು ಹಿಂದಿನ ಬೆಂಚಿನ ಶಬ್ಬೀರ.

ಶಬ್ಬೀರ ದನದ ದಲ್ಲಾಳಿ ಖಾಜಾ ಹುಸೇನನ ಮಗ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಅದೇನು ದೊಡ್ಡ ವಿಷಯವಲ್ಲ, ಅರ್ಧ ಊರೇ ಹಾಗೆ. ಆದರೆ ಇವನಿಗೆ ಮಾತು ಬಂದದ್ದೇ ತಡವಾಗಿ, ಬಂದ ಮೇಲೂ ಅರೆಬರೆ. "ಎತ್ತು ನೀರು" ಅನ್ನೋನು. ಎತ್ತು ನೀರು ಕುಡಿಯಿತೋ, ನೀರಿಗೆ ಬಿತ್ತೋ, ನೀರಿಗಾಗಿ ಒದ್ದಾಡ್ತಿದೆಯೋ, ಕೇಳಿದವರೇ ಹುಡುಕಿಕೊಳ್ಳಬೇಕು. ಹುಡುಕೋಷ್ಟು ಪುರುಸೊತ್ತು ಯಾರಿಗಿದೆ? ಹುಡುಗರು ಕಿಸಕ್ಕನೆ ನಗೋರು, ಇವನು ಬಾಯಿ ಮುಚ್ಚಿಕೊಳ್ಳೋನು. ದಡ್ಡ ಅಂತೀರಾ? ಬೋರ್ಡಿನ ಮೇಲೆ ಲೆಕ್ಕ ಬರೆದರೆ ಎಲ್ಲರಿಗಿಂತ ಮೊದಲು ಸ್ಲೇಟು ಎತ್ತಿ ತೋರಿಸೋನು ಅವನೇ.

ಒಂದು ದಿನ ಹೆಡ್ಮಾಸ್ಟರ್ ಕೆಂಚವೀರಪ್ಪನವರು ಮೇಷ್ಟ್ರನ್ನು ಕರೆಸಿದರು. "ಈ ಸಾರಿ ಇನ್‌ಸ್ಪೆಕ್ಟ್ರು ಇಂಗ್ಲಿಷ್ ಪಾಠಾನೇ ನೋಡ್ತಾರಂತೆ ಏಕಾಂತಪ್ಪ. ಆ ಸಾಬರ ಹುಡುಗನ್ನ ಅವತ್ತು ಮನೇಲೇ ಇರು ಅಂತ ಹೇಳ್ರಿ. ಎರಡು ಭಾಷೆ ತುಂಬಿ ಅವನ ತಲೆ ಕಲಸುಮೇಲೋಗರ ಆಗೈತೆ. ಮೂರನೇದು ಯಾಕ ಹೇರ್ತೀರಿ? ಮೊದಲು ಮನೇಲಿ ಉರ್ದು ಬಿಡಿಸ್ರಿ, ತಾನೇ ಸರಿಹೋಗ್ತಾನೆ."

ಹೆಡ್ಮಾಸ್ಟರಿಗೆ ಎದುರಾಡೋದು ಮೇಷ್ಟ್ರ ಜಾಯಮಾನವಲ್ಲ. ಆದರೆ ಸಿಟ್ಟು ಬಂತು. ಪಾಠ ಬಾರದಿದ್ದರೆ ತಾಯಿ ಭಾಷೆ ಬಿಡಿಸಬೇಕಂತೆ! ಇದ್ಯಾವ ಸೀಮೆ ನ್ಯಾಯ? ಸಂಜೆ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ನೇರ ಖಾಜಾ ಹುಸೇನನ ಮನೆಗೇ ಹೋದರು.

"ಬರ್ರಿ ಮೇಷ್ಟ್ರೇ, ಕೂಡ್ರಿ" ಅಂತ ಶಬ್ಬೀರನ ತಾಯಿ ಹಜೀರಾಬೀ ಚಾಪೆ ಹಾಸಿದಳು.

"ತಾಯಿ, ಇವನು ಮನೇಲಿ ಉರ್ದು ಹೆಂಗೆ ಮಾತಾಡ್ತಾನೆ? ಪೂರ್ತಿ ಮಾತಾಡ್ತಾನಾ?"

ಆಕೆ ನಕ್ಕುಬಿಟ್ಟಳು. "ಉರ್ದೂನಾಗೂ ಹಂಗೇ ರೀ. 'ಬೈಲ್ ಪಾನಿ' ಅಂತಾನೆ, ಎತ್ತು ನೀರು, ಮುಗೀತು. ಮಿಕ್ಕಿದ್ದು ನಾನೇ ಸೇರಿಸ್ಕೊಂತೀನಿ."

ಆಗ ಮೇಷ್ಟ್ರಿಗೆ ತಿಳಿಯಿತು. ಭಾಷೆ ಜಾಸ್ತಿಯಾಗಿ ಕೆಟ್ಟ ಹುಡುಗ ಇವನಲ್ಲ. ಯಾವ ಭಾಷೆ ಕೊಟ್ಟರೂ ಅಲ್ಲಲ್ಲೇ ಮಾತು ಉದುರಿ ಹೋಗುತ್ತೆ. ಒಂದು ಭಾಷೆ ಕಿತ್ತುಕೊಂಡರೆ ಇರೋದರಲ್ಲೂ ಅರ್ಧ ಹೋಗುತ್ತೆ, ಅಷ್ಟೇ.

ಅಷ್ಟರಲ್ಲಿ ಖಾಜಾ ಹುಸೇನ ಬಂದ. ವಿಷಯ ಕೇಳಿ ಬೀಡಿ ಆರಿಸಿದ. "ನೋಡ್ರಿ ಮೇಷ್ಟ್ರೇ, ನನಗೂ ಸಾಕಾಗೈತೆ. ಅವನ್ನ ನೋಡಿ ನಗೋರ ಮಧ್ಯೆ ಯಾಕ ಕೂಡಿಸ್ಲಿ? ಇನ್‌ಸ್ಪೆಕ್ಟ್ರ ಮುಂದೆ ನನ್ನ ಮಗ ಒಂದೇ ಒಂದು ಮಾತು ಪೂರ್ತಿ ಆಡಿದ್ರೆ ಓದ್ಲಿ. ಇಲ್ಲಾಂದ್ರೆ ಅವತ್ತೇ ದಾವಣಗೆರೆ ಸಂತೆಗೆ ಕರ್ಕೊಂಡು ಹೋಗ್ತೀನಿ. ನಮ್ಮ ಕಸುಬಿಗೆ ಬಾಯೇ ಬ್ಯಾಡ."

ಬಾಗಿಲ ಹಿಂದೆ ನಿಂತಿದ್ದ ಶಬ್ಬೀರ "ಇಸ್ಕೂಲು" ಅಂದ. ಒಂದೇ ಮಾತು. ಉಳಿದದ್ದು ಏನಂತ ಈ ಸಲ ಯಾರೂ ಹುಡುಕಬೇಕಾಗಿರಲಿಲ್ಲ. ಮೇಷ್ಟ್ರು ಟವೆಲ್ ಹೆಗಲಿಗೆ ಏರಿಸಿ ಎದ್ದರು.

ದಾರಿಯುದ್ದಕ್ಕೂ ಖಾಜಾ ಹುಸೇನನ ಮಾತೇ ಕೊರೆಯಿತು. ಕಸುಬಿಗೆ ಬಾಯೇ ಬ್ಯಾಡ! ಮೇಷ್ಟ್ರೂ ಒಕ್ಕಲು ಮನೆಯವರೇ, ಅಪ್ಪನ ಜೊತೆ ಎತ್ತು ಕೊಳ್ಳೋಕೆ ಹೋದವರೇ. ದನದ ಸಂತೆಯಲ್ಲಿ ರೇಟು ಯಾರಾದರೂ ಬಾಯಲ್ಲಿ ಹೇಳ್ತಾರಾ? ದಲ್ಲಾಳಿ ಟವೆಲ್ ಹಾಸುತ್ತಾನೆ, ಇಬ್ಬರೂ ಅದರಡಿ ಕೈ ಹಾಕುತ್ತಾರೆ. ಬೆರಳು ಹಿಡಿದರೆ ಒಂದು ಅರ್ಥ, ಮಡಿಸಿದರೆ ಇನ್ನೊಂದು. ಮೇಲೆ ಮಾತ್ರ ಮಳೆ ಬಂತಾ, ಬೆಳೆ ಹೆಂಗೈತೆ ಅಂತ ಮಾತು. ಆ ಭಾಷೆ ಶಬ್ಬೀರನಿಗೆ ಹುಟ್ಟಿನಿಂದ ಗೊತ್ತು. ಅದರಲ್ಲಿ ಅವನು ಯಾವತ್ತೂ ತೊದಲಿಲ್ಲ.

"ಅಲೆಲೆಲೇ!" ಅಂತ ಮೇಷ್ಟ್ರು ರಸ್ತೆ ಮಧ್ಯೆಯೇ ನಿಂತರು. ಹಿಂದಿನಿಂದ ಬಂದ ಗಾಡಿಯವನು ಬೈದು ಹೋದ. ಇವರಿಗೆ ಕೇಳಿಸಿದ್ದರೆ ತಾನೆ!

ಮರುದಿನ ಹುಡುಗರೆಲ್ಲ ಊಟಕ್ಕೆ ಹೋದ ಮೇಲೆ ಬಾಗಿಲು ಹಾಕಿ, ಶಬ್ಬೀರನನ್ನು ಎದುರಿಗೆ ಕೂರಿಸಿಕೊಂಡು, ಟವೆಲ್ ಹಾಸಿದರು. ಹುಡುಗನ ಮುಖ ಅರಳಿತು. ಹೆಬ್ಬೆರಳು 'ದಿ', ತೋರುಬೆರಳು 'ಬುಲಕ್', ನಡುಬೆರಳು 'ಈಸ್', ಉಂಗುರಬೆರಳು 'ಡ್ರಿಂಕಿಂಗ್', ಕಿರುಬೆರಳು 'ವಾಟರ್'. ಮೇಷ್ಟ್ರ ಬೆರಳು ಹಿಡಿಯುತ್ತಾ ಬಾಯಲ್ಲೂ ಹೇಳಬೇಕು. ಒಂದು ಬೆರಳು ಹಾರಿಸಿದರೂ ಮೇಷ್ಟ್ರು ಒಪ್ಪೋದಿಲ್ಲ, ಮುಖ ತಿರುಗಿಸಿ ಸೂರು ನೋಡುತ್ತಾ ಕೂರುತ್ತಿದ್ದರು, ಥೇಟ್ ಸಂತೆಯ ಗಿರಾಕಿ. ಮೊದಮೊದಲು ನಡುಬೆರಳು ತಪ್ಪೋದು, ಆಮೇಲೆ ಹೆಬ್ಬೆರಳು. ಎಡವಿ, ತಿರುಗಿ ಹಿಡಿದು, ಕೊನೆಗೊಂದು ಮಧ್ಯಾಹ್ನ ಐದೂ ಬೆರಳು ಸಾಲಾಗಿ ಬಂದವು, ಬಾಯೂ ಜೊತೆಗೇ ಬಂತು. ಆಮೇಲೆ ಎತ್ತು ಹೋಗಿ ಹಸು ಬಂತು, ನೀರು ಹೋಗಿ ಹುಲ್ಲು ಬಂತು.

ಇನ್ನೊಂದು ದಿನ ಕನ್ನಡದಲ್ಲೇ, ಬೆರಳು ಎಣಿಸುತ್ತಾ, "ಮೇಷ್ಟ್ರೇ, ನಿಮ್ಮ ಟವೆಲ್ಲು ಬೆವರು ನಾರ್ತೈತೆ" ಅಂದ. ಬೇರೆ ಯಾವನಾದರೂ ಅಂದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಮೇಷ್ಟ್ರು ಮಾತ್ರ ಬಹುಮಾನ ಬಂದವರಂತೆ ಮನೆಗೆ ಓಡಿ ಹೆಂಡತಿ ಕಮಲಕ್ಕನಿಗೆ ಹೇಳಿದರು.

"ಹುಡುಗ ಸರಿಯಾಗೇ ಹೇಳ್ಯಾನೆ, ಇತ್ಲಾಗೆ ಕೊಡ್ರಿ" ಅಂತ ಆಕೆ ಟವೆಲ್ ಕಿತ್ತುಕೊಂಡು ಒಗೆಯೋಕೆ ಹಾಕಿದಳು.

ಇನ್‌ಸ್ಪೆಕ್ಟರ್ ಅಜ್ಜಪ್ಪನವರು ಬಂದರು. ಮಲೆಬೆನ್ನೂರು ಕಡೆಯ ಗದ್ದೆ ಮನೆತನ, ಈಗ ಮೈಮೇಲೆ ಕೋಟು, ಕತ್ತಿಗೆ ಟೈ, ಮಾತು ಮಾತಿಗೂ ಇಂಗ್ಲಿಷು. ಖಾಜಾ ಹುಸೇನನೂ ಬಂದು ಬಾಗಿಲಲ್ಲಿ ನಿಂತ. ಮಗ ಗೆದ್ದರೆ ಸರಿ, ಇಲ್ಲಾಂದ್ರೆ ಹಂಗಿಂದಂಗೇ ಸಂತೆಗೆ. ಹೆಡ್ಮಾಸ್ಟರು ಮುಂದಿನ ಬೆಂಚಿನ ಬಾಯಿಪಾಠದ ವೀರರನ್ನು ತೋರಿಸುತ್ತಲೇ ಇದ್ದರು. ಇನ್‌ಸ್ಪೆಕ್ಟರು ಬಿಡಬೇಕಲ್ಲ! ಗೋಡೆಗೆ ತೂಗುಹಾಕಿದ್ದ ಎತ್ತಿನ ಚಿತ್ರಕ್ಕೆ ಕೋಲು ತಾಗಿಸಿ, "ಆ ಹಿಂದಿನವನು ಹೇಳ್ಲಿ. ಎತ್ತು ಏನು ಮಾಡ್ತಿದೆ? ಇಂಗ್ಲಿಷ್‌ನಲ್ಲಿ" ಅಂದರು. ಚಿತ್ರದಲ್ಲಿ ಎತ್ತು ತೊಟ್ಟಿಗೆ ಬಾಯಿ ಹಾಕಿತ್ತು.

ಶಬ್ಬೀರ ಎದ್ದು ಬಂದ. ನೇರ ಮೇಷ್ಟ್ರ ಹತ್ತಿರ ಹೋಗಿ, ಹೆಗಲ ಟವೆಲ್ ಎಳೆದು ಅವರ ಕೈಮೇಲೆ ಹಾಸಿ, ಅಡಿಯಲ್ಲಿ ಬೆರಳು ಹಿಡಿದ. ಐದೂ ಸರಿ, ಒಂದರ ಹಿಂದೊಂದು ಸಾಲಾಗಿ. ಆದರೆ ಬಾಯಿಗೆ ಬೀಗ. ಮುಖ ಮರದ ಹಲಗೆಯಂತೆ, ಕಣ್ಣು ಸೂರಿನ ಹೆಂಚಿನ ಕಡೆ.

"ಬಾಯಿ ಬಿಡೋ ಮಾರಾಯ" ಅಂತ ಮೇಷ್ಟ್ರು ಪಿಸುಗುಟ್ಟಿದರು. ಹುಡುಗ ಗಾಬರಿಯಿಂದ ಸುತ್ತ ಕೂತ ಜನರ ಕಡೆ ಕಣ್ಣು ತೋರಿಸಿ ತಲೆ ಅಲ್ಲಾಡಿಸಿದ.

ಬಾಗಿಲಿಂದ ಖಾಜಾ ಹುಸೇನ ಹೆಮ್ಮೆಯಿಂದ ಅಂದ: "ಇಷ್ಟು ಜನರ ಮುಂದೆ ಹೆಂಗೆ ಹೇಳ್ತಾನ್ರೀ? ಟವೆಲ್ ಒಳಗಿಂದು ಹೊರಗೆ ಹಾಕೋದುಂಟಾ? ದಲ್ಲಾಳಿ ಮಗ ಅವನು!"

ಮೇಷ್ಟ್ರಿಗೆ ಆಗ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ದಿನಾ ಬಾಗಿಲು ಹಾಕಿ ಕಲಿಸಿದ್ದು, ಮೂರನೆಯವರು ಇರಲೇ ಇಲ್ಲ. ಒಕ್ಕಲು ಮನೆಯಲ್ಲಿ ಹುಟ್ಟಿ ಸಂತೆಯ ಮೊದಲ ಕಟ್ಟಳೆಯನ್ನೇ ಮರೆತಿದ್ದೆನಲ್ಲ!

"ವಾಟ್ ಈಸ್ ದಿಸ್?" ಇನ್‌ಸ್ಪೆಕ್ಟರ ಹುಬ್ಬು ಗಂಟಾಯಿತು. "ಪಾಠವೋ ದನದ ವ್ಯಾಪಾರವೋ?"

ಹೆಡ್ಮಾಸ್ಟರು ಕುರ್ಚಿ ಹುಡುಕಿದರು. ಇನ್ನು ಹೋಗೋ ಮಾನ ಏನಿದೆ ಅಂತ ಮೇಷ್ಟ್ರು ಧೈರ್ಯ ಮಾಡಿದರು. "ಸಾರ್, ಒಂದೊಂದು ಬೆರಳು ಒಂದೊಂದು ಮಾತು. ಒಳಗೆ ಪೂರ್ತಿ ಐತೆ ಸಾರ್. ತಾವೇ ಕೈ ಹಾಕಿ ನೋಡ್ರಿ."

ಇನ್‌ಸ್ಪೆಕ್ಟರು "ನಾನ್ಸೆನ್ಸ್" ಅಂದರು. ಬಾಯಿ ಹಾಗಂದರೂ ಕೈ ಆಗಲೇ ಟವೆಲ್ಲಿನ ಅಡಿ ಹೋಗಿತ್ತು. ಮಲೆಬೆನ್ನೂರಿನ ಕೈಯಲ್ಲವೇ! ಶಬ್ಬೀರ ಅವರ ಹೆಬ್ಬೆರಳಿಂದ ಕಿರುಬೆರಳ ತನಕ ಹಿಡಿದು, ಕೊನೆಗೆ ತನ್ನ ಐದೂ ಬೆರಳು ಚಾಚಿದ. ನೋಡನೋಡುತ್ತಾ ಇನ್‌ಸ್ಪೆಕ್ಟರ ಮುಖದಿಂದ ಇಂಗ್ಲಿಷ್ ಇಳಿದು ಹೋಯಿತು. ಅವರೂ ಹೆಂಚು ನೋಡತೊಡಗಿದರು. ಆಮೇಲೆ ಅಪ್ಪ ಅಜ್ಜಂದಿರ ಕಾಲದ ಅಭ್ಯಾಸವೋ ಏನೋ, ಹುಡುಗನ ನಡುಬೆರಳು, ಅದೇ 'ಈಸ್', ಮಡಿಸಿದರು. ಚೌಕಾಸಿ! ಐದು ಬ್ಯಾಡ, ನಾಲ್ಕಕ್ಕೆ ಬಾ ಅಂತ.

ಶಬ್ಬೀರ ಹುಬ್ಬು ಹಾರಿಸಿ ಮತ್ತೆ ಐದೂ ಚಾಚಿದ. ಇವರು ಮತ್ತೆ ಮಡಿಸಿದರು. ಅವನು ಕೊಸರಿ ಬಿಚ್ಚಿದ. ಇವರು ಬಿಡಲಿಲ್ಲ, ಇನ್ನೂ ಬಿಗಿಯಾಗಿ ಮಡಿಸಿದರು. ಮೇಲೆ ಪಿಟ್ಟೆಂಬ ಸದ್ದಿಲ್ಲ, ಟವೆಲ್ ಮಾತ್ರ ಒಳಗೆ ಇಲಿ ಹೊಕ್ಕಂತೆ ಕುಣಿಯುತ್ತಿತ್ತು.

ಹುಡುಗನ ಕಿವಿ ಕೆಂಪಾಯಿತು. ಕೈ ಕಿತ್ತುಕೊಂಡು, ಟವೆಲ್ ತೆಗೆದು ನೆಲಕ್ಕೆ ಒಗೆದ.

"ಬಿಡಲ್ಲ! ಒಂದೂ ಬಿಡಲ್ಲ!" ಅಂತ ಕೂಗಿ, ಐದೂ ಬೆರಳು ಇನ್‌ಸ್ಪೆಕ್ಟರ ಮುಖದ ಮುಂದೆ ಹಿಡಿದ. "ದಿ! ಬುಲಕ್! ಈಸ್! ಡ್ರಿಂಕಿಂಗ್! ವಾಟರ್!"

ಇಡೀ ಕ್ಲಾಸು ಅವನ ಬೆರಳನ್ನೇ ನೋಡಿತು. ಒಬ್ಬನೂ ನಗಲಿಲ್ಲ. ಇಷ್ಟು ದಿನ ಮಾತನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು ಬಂದ ಹುಡುಗ ಇವತ್ತು ಒಂದು ಮಾತಿಗಾಗಿ ಸರ್ಕಾರಿ ಅಧಿಕಾರಿಯ ಜೊತೆ ಜಗಳಕ್ಕೆ ನಿಂತಿದ್ದ.

ಇನ್‌ಸ್ಪೆಕ್ಟರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು, ನಾಚಿ, ಜೇಬಿಗೆ ಇಳಿಸಿದರು. "ಆಯ್ತು ಕಣಪ್ಪ, ಐದಕ್ಕೇ ಒಪ್ಪಿದೆ" ಅಂತ ಅಪ್ಪಟ ಕನ್ನಡದಲ್ಲಿ ಅಂದರು.

ಖಾಜಾ ಹುಸೇನ ಮಾತ್ರ ಮುಖ ಗಂಟಿಕ್ಕಿಕೊಂಡು ಒಳಗೆ ಬಂದ. ಏನಾಗುತ್ತೋ ಅಂತ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. ಅವನು ಮಗನ ತಲೆ ಮೇಲೆ ಕೈ ಇಟ್ಟ.

"ಇವನ್ನ ಸಂತೆಗೆ ಕರ್ಕೊಂಡು ಹೋಗಿ ಏನು ಮಾಡ್ಲಿ ಮೇಷ್ಟ್ರೇ? ಜನರ ಮುಂದೆ ಕೂಗಿಬಿಟ್ಟ. ಒಂದು ಬೆರಳೂ ಇಳೀಲಿಲ್ಲ. ನಮ್ಮ ಕಸುಬಿಗೆ ಪೂರಾ ನಾಲಾಯಕ್ ಆಗ್ಯಾನೆ. ನೀವೇ ಇಟ್ಕೊಳ್ರಿ."

ಬೈಯೋ ಹಾಗೇ ಅಂದ. ಆದರೆ ಮಗನ ತಲೆ ಮೇಲಿನ ಕೈ ಎಷ್ಟು ಹೊತ್ತಾದರೂ ತೆಗೆಯಲಿಲ್ಲ.